ದಣಿವಿಗೆ ಮದ್ದು ಮಾಲೀಕರ ಕೈಯಲ್ಲೂ ಇದೆ

ಮೈಯಲ್ಲಿ ಶಕ್ತಿಯೇ ಇಲ್ಲ, ಒಂದು ಮಾಜೂನ್ ಕೊಡಿ ಎಂದು ದವಾಖಾನೆಗೆ ಬರುವವರಲ್ಲಿ ದುಡಿಯುವ ವಯಸ್ಸಿನವರು ಬಹಳ. ಬೋರನಕಣಿವೆಯಿಂದ ತಿಪಟೂರಿನವರೆಗಿನ ನಮ್ಮ ತೆಂಗಿನ ಸೀಮೆಯಲ್ಲಿ ಅವರು ಕಾಯಿ ಸುಲಿಯುವವರು, ಕೊಬ್ಬರಿ ಒಡೆಯುವ ಹೆಂಗಸರು, ನಾರಿನ ಘಟಕದ ಕೆಲಸಗಾರರು, ಮಂಡಿಯಲ್ಲಿ ಲೆಕ್ಕ ಬರೆಯುವ ಹುಡುಗರು. ಕೆಲವರಿಗೆ ರಕ್ತಹೀನತೆ, ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇರಬಹುದು. ಆದ್ದರಿಂದ ಮೊದಲು ಪರೀಕ್ಷೆ ಮಾಡಿಸಿಕೊಳ್ಳಿ. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫವನ್ನೂ ಪರೀಕ್ಷಿಸಬೇಕು. ಎಲ್ಲವೂ ಸರಿಯಿದ್ದು ದಣಿವು ಮಾತ್ರ ಉಳಿದರೆ ಕೆಲಸದ ಕಡೆ ನೋಡಬೇಕು.

ಇದು ಬರೀ ಆಯಾಸವಲ್ಲ

ದುಡಿದ ಆಯಾಸ ಒಂದು ರಾತ್ರಿಯ ನಿದ್ರೆಗೆ ಹೋಗುತ್ತದೆ. ಹಾಗೆ ಹೋಗದ ದಣಿವನ್ನು ‘ಬರ್ನ್ ಔಟ್’ ಎನ್ನುತ್ತಾರೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದರ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿ ಬರಿದಾಗುವುದು, ಕೆಲಸದ ಬಗ್ಗೆ ಜುಗುಪ್ಸೆ, ಮಾಡಿದ್ದು ಯಾವುದೂ ಸರಿಯಾಗುತ್ತಿಲ್ಲವೆಂಬ ಭಾವನೆ. ಇದನ್ನು ರೋಗವೆಂದು ಕರೆಯದೆ, ಕೆಲಸದ ಸ್ಥಳದ ಒತ್ತಡವನ್ನು ಸರಿಯಾಗಿ ನಿಭಾಯಿಸದಿರುವುದರ ಫಲ ಎಂದಿತು.

ಯುನಾನಿ ವೈದ್ಯಕೀಯ ಆರೋಗ್ಯಕ್ಕೆ ಆರು ಆಧಾರಗಳನ್ನು ಹೇಳುತ್ತದೆ. ಅವೇ ಅಸ್ಬಾಬೆ ಸಿತ್ತಾ ಝರೂರಿಯಾ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದದ್ದು ಉಳಿದು ಹೊರಹೋಗಬೇಕಾದದ್ದು ಹೋಗುವುದು. ಈಗ ನಿಮ್ಮ ಶೆಡ್ಡನ್ನು ನೆನೆಯಿರಿ. ಅಲ್ಲಿನ ಗಾಳಿ, ನೀರು, ಊಟದ ಹೊತ್ತು, ಬಿಡುವು, ಶೌಚಾಲಯ, ಮಾತಿನ ರೀತಿ ಯಾರ ಕೈಯಲ್ಲಿವೆ? ಕೆಲಸಗಾರನ ಕೈಯಲ್ಲಲ್ಲ.

ಸಾವಿರ ಕಾಯಿಗೆ ಇಷ್ಟು ಎಂದು ಕೂಲಿ ಗೊತ್ತುಮಾಡಿದಾಗ ಹತ್ತು ನಿಮಿಷ ಕುಳಿತರೂ ಸುಲಿಯುವವನಿಗೆ ನಷ್ಟ. ವೈದ್ಯ ವಿಶ್ರಾಂತಿ ಪಡೆಯಿರಿ ಎಂದರೆ ಅವನು ತಲೆಯಾಡಿಸಿ ಹೋಗುತ್ತಾನೆ, ಪಡೆಯುವುದಿಲ್ಲ. ವರ್ಷದ ಹತ್ತಿರ ಅಟ್ಟದಲ್ಲಿ ಕಾದ ಕಾಯಿಯನ್ನು ಬೆಲೆ ಏರಿದೊಡನೆ ಒಂದೇ ವಾರದಲ್ಲಿ ಸುಲಿಸುವ ಅವಸರವೂ ಅವನ ರಟ್ಟೆಯ ಮೇಲೆಯೇ ಬೀಳುತ್ತದೆ.

ಮಾಲೀಕರೇ, ಮೇಸ್ತ್ರಿಗಳೇ, ಇಷ್ಟು ಮಾಡಿ

• ಎಲ್ಲರಿಗೂ ಒಂದೇ ಹೊತ್ತಿಗೆ ಬಿಡುವು ಕೊಡಿ, ಅದಕ್ಕೆ ಕೂಲಿ ಕಡಿಯಬೇಡಿ. ಐದು ಗಂಟೆಗಿಂತ ಹೆಚ್ಚು ಸತತ ದುಡಿಸದೆ ಕನಿಷ್ಠ ಅರ್ಧ ಗಂಟೆ ವಿರಾಮ ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಜುಮಾ ನಮಾಝಿಗೆ ಬಿಡುವು ಕೊಡುವ ಶೆಡ್ಡಿಗೆ ಇದು ಕಷ್ಟವಲ್ಲ.
• ನೆರಳು, ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ ಇರಲಿ. ಶೌಚಾಲಯವಿಲ್ಲದ ಕಡೆ ಅವರು ನೀರನ್ನೇ ಕುಡಿಯುವುದಿಲ್ಲ. ಉರಿಮೂತ್ರ ಅಲ್ಲಿಂದ ಶುರು.
• ನಾರಿನ ಧೂಳಿಗೆ ಮಾಸ್ಕ್ ಕೊಡಿ, ಗಾಳಿಯಾಡುವಂತೆ ಮಾಡಿ.
• ನಾಳೆ ಕೆಲಸ ಇದೆಯೋ ಇಲ್ಲವೋ ಇಂದೇ ತಿಳಿಸಿ. ಕೂಲಿಯನ್ನು ಹೇಳಿದ ದಿನ ಕೊಡಿ. ಅನಿಶ್ಚಿತತೆ ನಿದ್ರೆ ಕೆಡಿಸುತ್ತದೆ.
• ತಪ್ಪಾದರೆ ಪಕ್ಕಕ್ಕೆ ಕರೆದು ಹೇಳಿ. ಹತ್ತು ಜನರೆದುರು ಬೈದರೆ ಅದು ಮನೆಯವರೆಗೂ ಹೋಗುತ್ತದೆ.
• ವಾರಕ್ಕೊಮ್ಮೆ ಯಾವ ಕೆಲಸ ಕಷ್ಟವಾಗುತ್ತಿದೆ ಎಂದು ಕೇಳಿ. ಕೇಳಿದ್ದರಲ್ಲಿ ಒಂದನ್ನಾದರೂ ಸರಿಪಡಿಸಿ.

ದುಡಿಯುವ ಓದುಗರೇ, ದಣಿವು ಮರೆಯಲು ಗುಟ್ಕಾ, ಮೇಲಿಂದ ಮೇಲೆ ಚಹಾ, ನೋವಿನ ಮಾತ್ರೆಗಳನ್ನು ನಂಬಬೇಡಿ. ರಾತ್ರಿ ಏಳೆಂಟು ಗಂಟೆ ನಿದ್ರೆ ಮಾಡಿ. ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಮಾಜೂನ್ ಬೇಕಾದವರಿಗೆ ಬರೆದುಕೊಡುತ್ತೇವೆ. ಆದರೆ ಶೆಡ್ಡಿನಲ್ಲಿ ಬಿಡುವಿಲ್ಲದವನಿಗೆ ಡಬ್ಬಿಯಲ್ಲಿ ಶಕ್ತಿ ಸಿಗುವುದಿಲ್ಲ.