ದೋಣಿಯ ಹಳೆಯ ಮೋಟಾರಿಗೆ ಗೇರ್ ಬೀಳದಿದ್ದರೆ

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಿದ ಮೇಲೆ, ಸಾಗರ ತಾಲ್ಲೂಕಿನ ಕರೂರು ಭಾಗದ ಅಡಿಕೆ ಬೆಳೆಗಾರರಿಗೆ ನೀರು ದಾಟುವುದು ನಿತ್ಯದ ಕೆಲಸವಾಯಿತು. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದು ಆ ತೊಂದರೆ ಬಹುಮಟ್ಟಿಗೆ ನೀಗಿದೆ. ಆದರೂ ನೀರಿನ ದಂಡೆಯಲ್ಲಿ ತೋಟವಿದ್ದು, ದೋಣಿಯ ಹಿಂಬದಿಗೆ ಕಚ್ಚಿಸುವ ಹಳೆಯ ಮೋಟಾರನ್ನು ಇಟ್ಟುಕೊಂಡವರು ನಮ್ಮಲ್ಲಿ ಇದ್ದಾರೆ. ಶರಾವತಿಯ ಹಿನ್ನೀರಾಗಲಿ, ಬೀದರ ಜಿಲ್ಲೆಯ ಕಾರಂಜಾ ಜಲಾಶಯವಾಗಲಿ, ಇಂಥ ಮೋಟಾರಿನ ಕಾಯಿಲೆ ಒಂದೇ ಬಗೆಯದು: ಗೇರ್ ಸರಿಯಾಗಿ ಬೀಳದು, ಬಿದ್ದರೆ ನಿಲ್ಲದು.

ನಡುನೀರಿನಲ್ಲಿ ಮೋಟಾರು ನಿಂತರೆ ಹುಟ್ಟು ಹಾಕಿ ದಡ ಸೇರಬಹುದು. ದಡ ಸಮೀಪಿಸಿದಾಗ ಗೇರ್ ನ್ಯೂಟ್ರಲ್‌ಗೆ ಬಾರದಿದ್ದರೆ, ನೀರಿಗಿಳಿದು ದೋಣಿ ಹಿಡಿಯುವವರ ಕಾಲಿಗೇ ಪಂಖ ಎರಗುತ್ತದೆ. ಆದ್ದರಿಂದ ಈ ದೋಷವನ್ನು 'ನಾಳೆ ನೋಡೋಣ' ಎಂದು ಬಿಡತಕ್ಕದ್ದಲ್ಲ.

ರಚನೆ ಸರಳ. ಹಿಡಿಯನ್ನು ತಳ್ಳಿದರೆ ಕೇಬಲ್ ಅಥವಾ ಸಲಾಕೆ ಮೋಟಾರಿನ ಒಳಗಿನ ಶಿಫ್ಟ್ ರಾಡನ್ನು ಸರಿಸುತ್ತದೆ. ಆ ರಾಡು ನೀರಿನಡಿಯ ಗೇರ್ ಪೆಟ್ಟಿಗೆಯಲ್ಲಿ ಹಲ್ಲುಗಳಿರುವ ಕ್ಲಚ್ ಬಿಲ್ಲೆಯೊಂದನ್ನು ಮುಂಗೇರಿಗೋ ಹಿಂಗೇರಿಗೋ ಕಚ್ಚಿಸುತ್ತದೆ. ನಡುವೆ ನಿಂತರೆ ನ್ಯೂಟ್ರಲ್. ದೋಷ ಈ ಸರಪಳಿಯ ಯಾವ ಕೊಂಡಿಯಲ್ಲಿದೆ ಎಂದು ಮೇಲಿನಿಂದ ಕೆಳಕ್ಕೆ ಹುಡುಕಬೇಕು. ಮೊದಲೇ ಗೇರ್ ಪೆಟ್ಟಿಗೆ ಬಿಚ್ಚುವುದು ವ್ಯರ್ಥ ಖರ್ಚು.

ಪರೀಕ್ಷೆಗೆ ಮುನ್ನ ಮೋಟಾರು ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ತಂತಿಗಳನ್ನು ಕಳಚಿರಿ. ಇದನ್ನು ಯಾವ ಕಾರಣಕ್ಕೂ ಬಿಡಬಾರದು.

ಹಿಡಿ ಬಿಗಿಯಾಗಿದ್ದರೆ: ಮೋಟಾರಿನ ತುದಿಯಲ್ಲಿ ಕೇಬಲನ್ನು ಬಿಡಿಸಿ ಹಿಡಿಯನ್ನು ಆಡಿಸಿ. ಆಗಲೂ ಬಿಗಿಯಿದ್ದರೆ ದೋಷ ಕೇಬಲ್ ಅಥವಾ ಹಿಡಿಯ ಪೆಟ್ಟಿಗೆಯದು. ಒಳಗೆ ತುಕ್ಕು ಹಿಡಿದ ಕೇಬಲನ್ನು ಬದಲಿಸುವುದೇ ಲೇಸು. ಹಿಡಿ ಸಲೀಸಾದರೆ ದೋಷ ಮೋಟಾರಿನ ಕಡೆಗಿದೆ. ಅಲ್ಲಿಯ ಕೀಲುಗಳನ್ನು ಶುಚಿಮಾಡಿ ಗ್ರೀಸ್ ಹಚ್ಚಿರಿ.

ಹಿಡಿ ಸರಿದರೂ ಗೇರ್ ಬೀಳದಿದ್ದರೆ: ಕೀಲಿನ ಪಿನ್ನು ಬಿದ್ದಿರಬಹುದು, ಕೇಬಲಿನ ಅಳತೆ ತಪ್ಪಿರಬಹುದು. ಒಬ್ಬರು ಪಂಖವನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತಿರಲು ಇನ್ನೊಬ್ಬರು ಗೇರ್ ಹಾಕಲಿ. ನಿಂತ ಮೋಟಾರಿನಲ್ಲಿ ಬಲವಂತ ಮಾಡಿದರೆ ಕೀಲು ಬಾಗುತ್ತದೆ. ನ್ಯೂಟ್ರಲ್‌ನಲ್ಲಿ ಪಂಖ ಎರಡೂ ಕಡೆ ಸಲೀಸಾಗಿ ತಿರುಗಬೇಕು; ಗೇರಿನಲ್ಲಿ ತಡೆಯಬೇಕು. ನ್ಯೂಟ್ರಲ್‌ನಲ್ಲೂ ದೋಣಿ ತೆವಳುತ್ತಿದ್ದರೆ ಮೊದಲು ಕೇಬಲಿನ ಹೊಂದಾಣಿಕೆಯನ್ನು ನೋಡಿರಿ.

ಮೋಟಾರು ಅರಚಿ ದೋಣಿ ಮುಂದಕ್ಕೆ ಹೋಗದಿದ್ದರೆ: ಇದು ಗೇರಿನ ದೋಷವೇ ಆಗಿರಬೇಕಿಲ್ಲ. ಸಣ್ಣ ಹಳೆಯ ಮೋಟಾರುಗಳಲ್ಲಿ ಪಂಖ ಮರದ ಬೊಡ್ಡೆಗೆ ಬಡಿದರೆ ಗೇರನ್ನು ಉಳಿಸಲೆಂದೇ ಇಟ್ಟ ಶಿಯರ್ ಪಿನ್ನು ಮುರಿಯುತ್ತದೆ. ಅದರ ಬದಲು ಮೊಳೆ ಹಾಕಬೇಡಿ. ಮುಂದಿನ ಪೆಟ್ಟಿಗೆ ಗೇರೇ ಮುರಿದೀತು. ರಬ್ಬರ್ ಗುಂಬವಿರುವ ಪಂಖವಾದರೆ ಗುಂಬದ ಮೇಲೂ ಪಂಖದ ಮೇಲೂ ಸೇರುವಂತೆ ಬಣ್ಣದ ಗೆರೆ ಎಳೆದು ಓಡಿಸಿ. ಗೆರೆ ತಪ್ಪಿದರೆ ರಬ್ಬರ್ ಜಾರುತ್ತಿದೆ.

ಕಟಕಟ ಶಬ್ದ ಬಂದರೆ ಅಥವಾ ಗೇರ್ ಹಾರಿದರೆ: ಮೋಟಾರಿನ ತಣ್ಣನೆಯ ಓಟ ಹೆಚ್ಚಿದ್ದರೆ ಕೈಪಿಡಿಯಂತೆ ತಗ್ಗಿಸಿ. ಗೇರನ್ನು ಮೆಲ್ಲಮೆಲ್ಲನೆ ಹಾಕುವುದು ನಾಜೂಕಲ್ಲ, ನಷ್ಟ. ಹಲ್ಲುಗಳ ಅಂಚು ಉಜ್ಜಿ ದುಂಡಗಾಗುತ್ತದೆ. ವೇಗ ಪೂರ್ಣ ಇಳಿಸಿ ಒಂದೇ ಏಟಿಗೆ ಹಾಕಿರಿ. ಕೇಬಲ್ ಸರಿಯಿದ್ದೂ ಭಾರ ಬಿದ್ದಾಗ ಗೇರ್ ಹಾರಿದರೆ ಹಲ್ಲು ಸವೆದಿರುವ ಸಂಭವ ಹೆಚ್ಚು. ಆಗ ಗೇರ್ ಪೆಟ್ಟಿಗೆ ಬಿಚ್ಚದೆ ಗತ್ಯಂತರವಿಲ್ಲ.

ಎಣ್ಣೆ ನೋಡಿ: ಗೇರ್ ಪೆಟ್ಟಿಗೆಯ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಹೊಕ್ಕಿದೆ, ಸೀಲು ಹೋಗಿದೆ. ಬೂದು ಬಣ್ಣದ ನುಣುಪು ಸವೆತ ಸಹಜ. ಕಬ್ಬಿಣದ ಚೂರುಗಳು ಬಂದರೆ ಮೋಟಾರನ್ನು ಓಡಿಸಬೇಡಿ. ಹೊಸ ಎಣ್ಣೆಯನ್ನು ಕೆಳಗಿನ ರಂಧ್ರದಿಂದ ತುಂಬಿ, ಮೇಲಿನ ರಂಧ್ರದಲ್ಲಿ ಗುಳ್ಳೆಯಿಲ್ಲದೆ ಹೊರಬಂದ ಮೇಲೆ ಮೇಲಿನ ಸ್ಕ್ರೂ ಮೊದಲು, ಕೆಳಗಿನದು ಅನಂತರ ಬಿಗಿಯಿರಿ. ವಾಷರುಗಳು ಹೊಸವಾಗಿರಲಿ. ಮೋಟಾರಿಗೆ ವಿಶ್ರಾಂತಿ ಕೊಡುವ ಮುನ್ನವೇ ಎಣ್ಣೆ ಬದಲಿಸಿದರೆ ಒಳಗೆ ನೀರು ನಿಂತು ತುಕ್ಕು ಹಿಡಿಯದು.

ಬಿಡಿಭಾಗಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಎವಿನ್‌ರೂಡ್ ಮೋಟಾರುಗಳ ತಯಾರಿಕೆ 2020ರಲ್ಲಿ ನಿಂತಿದೆ. ಇಂಥ ಹಳೆಯ ಯಂತ್ರವಿದ್ದವರು ಸೀಲು, ಪಿನ್ನುಗಳನ್ನು ಸಿಕ್ಕಾಗ ಕೊಂಡಿಡುವುದು ಜಾಣತನ. ಗೇರ್ ಪೆಟ್ಟಿಗೆ ಬಿಚ್ಚಲೇಬೇಕಾದರೆ ಮಲ್ಪೆ, ಗಂಗೊಳ್ಳಿಯಂಥ ಬಂದರುಗಳತ್ತ ನೋಡಬಹುದು; ಕರಾವಳಿಯ ನಾಡದೋಣಿ ಮೀನುಗಾರರು ಇಂಥ ಮೋಟಾರುಗಳನ್ನೇ ದುಡಿಸುವವರು. ಮೋಟಾರಿನ ಮಾದರಿ ಸಂಖ್ಯೆ, ಮೇಲಿನ ಪರೀಕ್ಷೆಗಳಲ್ಲಿ ಕಂಡದ್ದು ಇವೆರಡನ್ನೂ ಬರೆದು ಒಯ್ದರೆ ಮೆಕ್ಯಾನಿಕನ ಅರ್ಧ ದಿನ ಉಳಿಯುತ್ತದೆ, ನಿಮ್ಮ ಹಣವೂ ಉಳಿಯುತ್ತದೆ.

ಗೇರ್ ಸರಿಹೋಗುವ ತನಕ ಆ ದೋಣಿಯಲ್ಲಿ ಜನರನ್ನಾಗಲಿ ಅಡಿಕೆ ಮೂಟೆಯನ್ನಾಗಲಿ ಹೇರಬೇಡಿ. ಸರಿಹೋದ ಮೇಲೂ ಒಂದು ಜೊತೆ ಹುಟ್ಟು ದೋಣಿಯಲ್ಲೇ ಇರಲಿ.