ಹೊಳೆ ಏರುವ ಮುನ್ನ: ಪಂಚಾಯತಿ ಸಿಬ್ಬಂದಿ ಮತ್ತು ನಾಯಕತ್ವದ ರೂಢಿಗಳು

ರೋಣ ತಾಲ್ಲೂಕಿನ ಹೊಳೆಆಲೂರು ಮಲಪ್ರಭಾ ನದಿಯ ದಂಡೆಯ ಗ್ರಾಮ. ಸವದತ್ತಿ ಬಳಿಯ ನವಿಲುತೀರ್ಥ ಜಲಾಶಯದಿಂದ ಹೆಚ್ಚಿನ ನೀರು ಹೊರಬಿಟ್ಟು, ಬೆಣ್ಣೆಹಳ್ಳವೂ ತುಂಬಿ ಹರಿದರೆ ಈ ಭಾಗದ ನದಿತೀರದ ಗ್ರಾಮಗಳಿಗೆ ಪ್ರವಾಹದ ಭೀತಿ ಎದುರಾಗುತ್ತದೆ. 2009 ಮತ್ತು 2019ರ ಪ್ರವಾಹಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂತಹ ಊರುಗಳಲ್ಲಿ ನಾಯಕತ್ವವು ತರಬೇತಿ ಕೈಪಿಡಿಯ ಪದವಾಗಿ ಉಳಿಯುವುದಿಲ್ಲ; ನಡುರಾತ್ರಿ ಯಾರು ಯಾರಿಗೆ ಕರೆ ಮಾಡಬೇಕು, ಆ ಮಾತನ್ನು ನಂಬಿ ಎದ್ದು ಬರುವವರು ಯಾರು ಎಂಬ ಪ್ರಶ್ನೆಯಾಗುತ್ತದೆ.

ಈ ಪ್ರಶ್ನೆಗೆ ಉತ್ತರ ನಿರ್ಧಾರವಾಗುವುದು ಸಾಮಾನ್ಯ ದಿನಗಳಲ್ಲಿ. ನಸುಕಿನಲ್ಲಿ ಮೋಟಾರು ಚಾಲೂ ಮಾಡಲು ಹೋಗುವ ನೀರುಗಂಟಿಗೆ ನಿನ್ನೆ ಹೊಳೆಯ ನೀರು ಎಲ್ಲಿಯವರೆಗೆ ಇತ್ತು, ಇಂದು ಎಲ್ಲಿಗೆ ಬಂದಿದೆ ಎಂಬುದು ಕಚೇರಿಗಿಂತ ಮೊದಲೇ ತಿಳಿದಿರುತ್ತದೆ. ಆದರೆ ಆತನು ಹಿಂದೆ ತಂದ ಸುದ್ದಿಗಳಿಗೆಲ್ಲ ಗದರಿಕೆಯೇ ಉತ್ತರವಾಗಿದ್ದರೆ, ಅಗತ್ಯದ ದಿನ ಆತನು ಸುಮ್ಮನಿರುತ್ತಾನೆ. ಸಿಬ್ಬಂದಿ ಸಭೆಯಲ್ಲಿ ಅಧಿಕಾರಿಯು ಮೊದಲು ಅಭಿಪ್ರಾಯ ತಿಳಿಸಿದರೆ ಉಳಿದವರು ತಲೆಯಾಡಿಸುವುದಷ್ಟೇ ಉಳಿಯುತ್ತದೆ. ಆದ್ದರಿಂದ ನೀರುಗಂಟಿ, ಪೌರಕಾರ್ಮಿಕ, ಕರ ವಸೂಲಿಗಾರ ಇವರು ಮೊದಲು ಮಾತನಾಡಿ, ಅಧಿಕಾರಿಯು ಕೊನೆಯಲ್ಲಿ ಮಾತನಾಡುವ ರೂಢಿ ಒಳ್ಳೆಯದು. ಹೇಳಲು ಸುಲಭ, ಪಾಲಿಸಲು ಕಷ್ಟ. ಪದವಿ ಪಡೆದು ಬಂದವರಿಗೆ, ಅದರಲ್ಲೂ ಇಂಜಿನಿಯರಿಂಗ್ ಓದಿದವರಿಗೆ, ಇನ್ನಷ್ಟು ಕಷ್ಟ.

ಕುಡಿಯುವ ನೀರಿನ ಕ್ಲೋರಿನೀಕರಣ ಇದಕ್ಕೆ ತಕ್ಕ ಉದಾಹರಣೆ. 50,000 ಲೀಟರ್ ಟ್ಯಾಂಕಿಗೆ ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಬೇಕೆಂದರೆ ಒಟ್ಟು 50 ಗ್ರಾಂ. ಬ್ಲೀಚಿಂಗ್ ಪೌಡರಿನಲ್ಲಿ ಶೇ 25ರಷ್ಟು ಕ್ಲೋರಿನ್ ಇದ್ದರೆ 200 ಗ್ರಾಂ ಪೌಡರ್ ಬೇಕು. ಬೆರೆಸಿದ ಮೇಲೆ ಅರ್ಧ ಗಂಟೆಯಾದರೂ ಬಿಡಬೇಕು. ಕಾಗದದ ಲೆಕ್ಕ ಇಷ್ಟೇ. ಆದರೆ ಚೀಲ ಹಳೆಯದಾಗಿ ಗಾಳಿ, ತೇವ ತಗುಲಿದ್ದರೆ ಪೌಡರಿನ ಶಕ್ತಿ ಕುಗ್ಗಿರುತ್ತದೆ. ಹೊಳೆಯ ನೀರು ಕೆಂಪಗೆ ಬಂದ ದಿನಗಳಲ್ಲಿ ಕ್ಲೋರಿನ್ ಹೆಚ್ಚು ವ್ಯಯವಾಗುತ್ತದೆ. ಆದ್ದರಿಂದ ಓಣಿಯ ಕಟ್ಟಕಡೆಯ ನಳದಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇದೆಯೇ ಎಂದು ಪರೀಕ್ಷಿಸಬೇಕು. ಪರೀಕ್ಷೆಯಲ್ಲಿ ಕ್ಲೋರಿನ್ ಕಾಣದೆ "ಇಲ್ಲ" ಎಂದು ವಹಿಯಲ್ಲಿ ನಿಜ ಬರೆದವನಿಗೆ ಕಾರಣ ಕೇಳುವ ನೋಟಿಸು ಹೋದರೆ, ಮರುದಿನದಿಂದ ವಹಿಯ ತುಂಬ 0.2 ಎಂದೇ ಇರುತ್ತದೆ. ವಹಿ ಅಚ್ಚುಕಟ್ಟಾಗಿರುತ್ತದೆ, ಊರಿನಲ್ಲಿ ವಾಂತಿಭೇದಿ ಆರಂಭವಾಗಿರುತ್ತದೆ. "ಇಲ್ಲ" ಎಂಬ ನಮೂದು ಕಂಡ ದಿನವೇ ಅಧಿಕಾರಿಯು ಟ್ಯಾಂಕಿನ ಬಳಿ ಹೋಗಿ ಚೀಲ ಬದಲಾಯಿಸಿದರೆ ಸಿಬ್ಬಂದಿ ಮುಂದೆಯೂ ನಿಜವನ್ನೇ ಬರೆಯುತ್ತಾರೆ.

ಹೊಣೆ ಹಂಚಿಕೊಳ್ಳುವ ಪಾಠ ಜಿಲ್ಲೆಗೆ ಹೊಸದಲ್ಲ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪಿಸಿದರು. 1904ರ ಕಾಯ್ದೆಯಂತೆ ಗ್ರಾಮೀಣ ಪತ್ತಿನ ಸಂಘಗಳ ಸದಸ್ಯರ ಹೊಣೆ ಸಾಮಾನ್ಯವಾಗಿ ಅಪರಿಮಿತವಾಗಿತ್ತು. ಒಬ್ಬನ ಬಾಕಿ ಎಲ್ಲರ ತಲೆಯ ಮೇಲೆ ಬರುವುದರಿಂದ, ಲೆಕ್ಕ ನೋಡುವುದು ಕಾರ್ಯದರ್ಶಿಯೊಬ್ಬನ ಕೆಲಸವೆಂದು ಸುಮ್ಮನಿರಲು ಯಾರಿಗೂ ಬರುತ್ತಿರಲಿಲ್ಲ.

ಪಂಚಾಯತಿಯಲ್ಲಿ ಇದರ ಸರಳ ರೂಪವೆಂದರೆ ಪ್ರತಿ ಕೆಲಸಕ್ಕೂ ಎರಡು ಹೆಸರು. ಮೋಟಾರು, ಡಂಗುರ, ಕಾಳಜಿ ಕೇಂದ್ರದ ಬೀಗದಕೈ, ಜಾನುವಾರು ಸಾಗಣೆ ಇವುಗಳಿಗೆ ಮೊದಲನೆಯವರು ಸಿಗದಿದ್ದರೆ ಎರಡನೆಯವರು ಯಾರೆಂದು ಮಳೆಗಾಲಕ್ಕೆ ಮುನ್ನವೇ ಬರೆದು ಕಚೇರಿಯ ಗೋಡೆಗೆ ಹಚ್ಚಬೇಕು. ಪಟ್ಟಿಯಲ್ಲಿನ ಪ್ರತಿ ದೂರವಾಣಿ ಸಂಖ್ಯೆಗೂ ಮೇ ತಿಂಗಳಿನಲ್ಲಿ ಒಮ್ಮೆ ಕರೆ ಮಾಡಿ ನೋಡಬೇಕು. ಬದಲಾದ ಸಂಖ್ಯೆಗಳು ಆಗಲೇ ಗೊತ್ತಾಗುತ್ತವೆ.