ಅಜ್ಜಿ ಮಾಡಿದ ದೋಸೆ ಇಂಗ್ಲಿಷಿನಲ್ಲಿ

ಮಕ್ಕಳೇ, ‘ಅಜ್ಜಿ ಮಾಡಿದ ದೋಸೆ’ ಎನ್ನುವಾಗ ವಿವರ ಮೊದಲು, ದೋಸೆ ಕೊನೆಗೆ. ಇಂಗ್ಲಿಷಿನಲ್ಲಿ ಇದು ತಿರುಗಾಮುರುಗಾ: ‘ದ ದೋಸಾ ದಟ್ ಅಜ್ಜಿ ಮೇಡ್’. ದೋಸೆಯ ಹಿಂದೆ ಬರುವ ಈ ಬಾಲವೇ ರಿಲೇಟಿವ್ ಕ್ಲಾಜ್.

ಮನೆಪಾಠಕ್ಕೆ ಬರುವ ಮಕ್ಕಳಿಗೆ ನಾನು ಹೇಳುವುದಿಷ್ಟು: ಮನುಷ್ಯರಿಗೆ ‘ಹೂ’, ವಸ್ತುವಿಗೆ ‘ವಿಚ್’, ‘ದಟ್’ ಎರಡಕ್ಕೂ ಆದೀತು. ಅಲ್ಪವಿರಾಮ ಮಾತ್ರ ನೋಡಿ ಹಾಕಿ. ‘ಮೈ ಬ್ರದರ್ ಹೂ ಲಿವ್ಸ್ ಇನ್ ಮೈಸೂರು’ ಎಂದರೆ ಬೇರೆ ಊರಲ್ಲೂ ನಿಮಗೆ ಅಣ್ಣನೋ ತಮ್ಮನೋ ಇದ್ದಾನೆ. ‘ಬ್ರದರ್’ ಮುಂದೆ ಅಲ್ಪವಿರಾಮ ಬಿದ್ದರೆ, ಇರುವವನು ಅವನೊಬ್ಬನೇ! ಆ ಅಲ್ಪವಿರಾಮದ ನಂತರ ‘ದಟ್’ ಬರುವುದಿಲ್ಲ.

ಅಜ್ಜ-ಅಜ್ಜಿಯರೇ, ಇಂಗ್ಲಿಷ್ ಬಾರದೆಂದು ಹಿಂಜರಿಯಬೇಡಿ. ಮೊಮ್ಮಕ್ಕಳನ್ನು ‘ಯಾವ ದೋಸೆ?’ ಎಂದು ಕನ್ನಡದಲ್ಲೇ ಕೇಳಿ. ಅವರು ಕೊಡುವ ಉತ್ತರವೇ ಆ ಬಾಲ.